ಪರದೇಶದ ಶುಶ್ರೂಷೆಗೆ ಹೊರಟವರಿಗೆ ಯಾವ ಇಂಗ್ಲಿಷ್ ಪರೀಕ್ಷೆ?

ಈ ಆರೋಗ್ಯ ವಿಭಾಗದಲ್ಲಿ ಋತುಚರ್ಯೆ, ಪಥ್ಯಾಪಥ್ಯ, ಸಂಧಿವಾತ, ಮಧುಮೇಹಗಳ ವಿಚಾರ ಬರುವುದು ವಾಡಿಕೆ. ಈ ತಿಂಗಳ ವಿಷಯ ಸ್ವಲ್ಪ ಬೇರೆ. ಲಕ್ಕೂರು ಹೋಬಳಿಯಲ್ಲಿಯೂ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯ ಭಕ್ತರ ಮನೆಗಳಲ್ಲಿಯೂ ನರ್ಸಿಂಗ್ ಓದಿದ ಮಕ್ಕಳು ಈಗ ಅನೇಕರಿದ್ದಾರೆ. ಕೆಲವರು ಕೋಲಾರದಲ್ಲಿ ಓದಿದವರು, ಕೆಲವರು ಬೆಂಗಳೂರಿನಲ್ಲಿ. ಬೆಳಗಿನ ರೈಲು ಹಿಡಿದು ವೈಟ್‌ಫೀಲ್ಡ್ ಕಡೆಯ ಆಸ್ಪತ್ರೆಗಳಿಗೆ ಹೋಗಿಬರುವವರೂ ಇದ್ದಾರೆ. ನಾಲ್ಕೈದು ವರ್ಷ ದುಡಿದ ಮೇಲೆ ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾಗಳ ಮಾತು ಮನೆಯಲ್ಲಿ ಹುಟ್ಟುತ್ತದೆ. ಅದರ ಬೆನ್ನಿಗೇ ತಂದೆತಾಯಿಯರು ನನ್ನನ್ನು ಕೇಳುವ ಪ್ರಶ್ನೆಯೊಂದೇ: “ಡಾಕ್ಟ್ರೇ, ಮಗಳಿಗೆ ಐಇಎಲ್‌ಟಿಎಸ್ ಬರೆಸೋದೋ, ಒಇಟಿ ಬರೆಸೋದೋ?”

ಆಯುರ್ವೇದ ವೈದ್ಯನಾದ ನಾನು ಈ ಎರಡು ಪರೀಕ್ಷೆಗಳಲ್ಲಿ ಯಾವುದನ್ನೂ ಬರೆದವನಲ್ಲ. ಆದರೆ ಕೇಳುವವರು ಹೆಚ್ಚಾದಂತೆ ಎರಡರ ಮಾದರಿ ಪತ್ರಿಕೆಗಳನ್ನೂ ತರಿಸಿಕೊಂಡು ಕುಳಿತು ಓದಿದ್ದೇನೆ. ಈ ಪ್ರಶ್ನೆಯ ಹಿಂದೆ ಒಡವೆ ಸಾಲವಿರುತ್ತದೆ, ಕೆಲವೊಮ್ಮೆ ಜಮೀನಿನ ಪತ್ರವೇ ಇರುತ್ತದೆ. ಆದುದರಿಂದ ತಿಳಿದಷ್ಟನ್ನು ಬರೆಯುವುದು ಯುಕ್ತವೆಂದು ತೋರಿತು.

ಮೊದಲಿಗೆ ಒಂದು ಮಾತು. ಪರೀಕ್ಷೆಯನ್ನು ಆರಿಸುವ ಮೊದಲು ದೇಶವನ್ನು ಆರಿಸಬೇಕು. ನಮ್ಮಲ್ಲಿ ನಡೆಯುವುದು ತಿರುಗುಮುರುಗು: ಸ್ನೇಹಿತೆ ಸೇರಿದ ಕೋಚಿಂಗ್ ಕೇಂದ್ರಕ್ಕೆ ಮಗಳೂ ಸೇರುತ್ತಾಳೆ, ಅಲ್ಲಿ ಯಾವುದನ್ನು ಕಲಿಸುತ್ತಾರೋ ಅದನ್ನೇ ಬರೆಯುತ್ತಾಳೆ, ಕೊನೆಗೆ ದೇಶದ ವಿಚಾರ. ಜರ್ಮನಿಗೆ ಹೋಗುವವರಿಗೆ ಇಂಗ್ಲಿಷ್ ಪರೀಕ್ಷೆಯಿಂದ ಪ್ರಯೋಜನವೇ ಇಲ್ಲ. ಅಲ್ಲಿ ಶುಶ್ರೂಷಕರಾಗಿ ಪೂರ್ಣ ಮಾನ್ಯತೆ ದೊರೆಯಲು ಜರ್ಮನ್ ಭಾಷೆಯಲ್ಲಿ ಸಾಮಾನ್ಯವಾಗಿ ಬಿ2 ಮಟ್ಟ ಬೇಕು. ಸೌದಿ, ಯುಎಇ ಮೊದಲಾದ ಕೊಲ್ಲಿ ದೇಶಗಳಲ್ಲಿ ಮುಖ್ಯವಾದದ್ದು ಪ್ರೊಮೆಟ್ರಿಕ್ ಎಂದು ಮಕ್ಕಳು ಕರೆಯುವ ವೃತ್ತಿಜ್ಞಾನದ ಪರೀಕ್ಷೆ ಮತ್ತು ದಾಖಲೆಗಳ ಪರಿಶೀಲನೆ. ಕೆನಡಾದಲ್ಲಿ ಪ್ರಾಂತ್ಯಕ್ಕೊಂದು ನಿಯಮ. ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಶುಶ್ರೂಷಾ ಮಂಡಳಿಗಳು ಮಾತ್ರ ಐಇಎಲ್‌ಟಿಎಸ್, ಒಇಟಿ ಎರಡನ್ನೂ ಒಪ್ಪುತ್ತವೆ. ಆಯ್ಕೆಯ ಪ್ರಶ್ನೆ ನಿಜವಾಗಿ ಏಳುವುದು ಈ ದೇಶಗಳಿಗೆ ಹೊರಟವರಿಗೆ.

ಇನ್ನು ಇವೆರಡರ ಸ್ವರೂಪ. ಐಇಎಲ್‌ಟಿಎಸ್ 1989ರಿಂದ ನಡೆದುಬಂದಿರುವ ಪರೀಕ್ಷೆ. ವಿಶ್ವವಿದ್ಯಾಲಯ ಸೇರುವ ಎಂಜಿನಿಯರ್, ವಲಸೆ ಹೋಗುವ ಲೆಕ್ಕಪರಿಶೋಧಕ, ನರ್ಸ್ ಎಲ್ಲರಿಗೂ ಒಂದೇ. ಇದರಲ್ಲಿ ಅಕಾಡೆಮಿಕ್, ಜನರಲ್ ಎಂಬ ಎರಡು ಬಗೆಗಳಿದ್ದು, ಶುಶ್ರೂಷಾ ನೋಂದಣಿಗೆ ಬೇಕಾದದ್ದು ಅಕಾಡೆಮಿಕ್. ಹೆಸರು ನೋಂದಾಯಿಸುವಾಗ ಜನರಲ್ ಎಂದು ಗುರುತು ಹಾಕಿದರೆ ಕಟ್ಟಿದ ಹಣ ವ್ಯರ್ಥ. ಓದುವ ಭಾಗದಲ್ಲಿ ಜ್ವಾಲಾಮುಖಿಯ ವಿಷಯ ಬಂದೀತು, ಪ್ರಾಚೀನ ನಗರದ ಉತ್ಖನನ ಬಂದೀತು. ಅರವತ್ತು ನಿಮಿಷಗಳಲ್ಲಿ ನಲವತ್ತು ಪ್ರಶ್ನೆ. ಬರೆಯುವ ಭಾಗದಲ್ಲಿ ಒಂದು ನಕ್ಷೆಯನ್ನೋ ಅಂಕಿಪಟ್ಟಿಯನ್ನೋ ಕನಿಷ್ಠ 150 ಪದಗಳಲ್ಲಿ ವಿವರಿಸಬೇಕು, ಬಳಿಕ ಸಾರ್ವಜನಿಕ ವಿಷಯವೊಂದರ ಮೇಲೆ 250 ಪದಗಳ ಪ್ರಬಂಧ. ಮಾತಿನ ಭಾಗ ಹನ್ನೊಂದರಿಂದ ಹದಿನಾಲ್ಕು ನಿಮಿಷದ ಸಂದರ್ಶನ.

ಒಇಟಿ ಎಂಬುದು 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡಿತು. ಹೊರದೇಶಗಳಿಂದ ಬರುವ ವೈದ್ಯರು, ದಾದಿಯರು ಆಸ್ಪತ್ರೆಯೊಳಗೆ ಆಡಬೇಕಾದ ಇಂಗ್ಲಿಷ್ ಆಡಬಲ್ಲರೇ ಎಂದು ನೋಡುವುದಕ್ಕಾಗಿಯೇ ಮಾಡಿದ ಪರೀಕ್ಷೆ ಅದು. ಹನ್ನೆರಡು ವೃತ್ತಿಗಳಿಗೆ ಇದು ನಡೆಯುತ್ತದೆ. ಕೇಳುವ ಮತ್ತು ಓದುವ ಭಾಗಗಳು ಎಲ್ಲರಿಗೂ ಸಮಾನ, ಬರೆಯುವ ಮತ್ತು ಮಾತನಾಡುವ ಭಾಗಗಳು ಆಯಾ ವೃತ್ತಿಗೆ ಪ್ರತ್ಯೇಕ. ಕೇಳುವ ಭಾಗದಲ್ಲಿ ರೋಗಿಯೊಬ್ಬ ತನ್ನ ಮಂಡಿನೋವನ್ನೋ ಉಸಿರಾಟದ ತೊಂದರೆಯನ್ನೋ ಹೇಳುತ್ತಿರುತ್ತಾನೆ, ಅದನ್ನು ಕೇಳುತ್ತ ಟಿಪ್ಪಣಿಯ ಬಿಟ್ಟಸ್ಥಳಗಳನ್ನು ತುಂಬಬೇಕು. ಬರೆಯುವ ಭಾಗಕ್ಕೆ ನಲವತ್ತೈದು ನಿಮಿಷ. ರೋಗಿಯ ಕೇಸ್ ಶೀಟ್ ಕೊಟ್ಟಿರುತ್ತಾರೆ, ಐದು ನಿಮಿಷ ಓದಿ ಮುಂದಿನ ಆರೈಕೆಯವರಿಗೆ 180ರಿಂದ 200 ಪದಗಳ ಪತ್ರ ಬರೆಯಬೇಕು. ಮಾತಿನ ಭಾಗದಲ್ಲಿ ಎದುರಿಗಿರುವವರು ರೋಗಿಯ ಅಥವಾ ರೋಗಿಯ ಬಂಧುವಿನ ಪಾತ್ರ ವಹಿಸುತ್ತಾರೆ, ಅಭ್ಯರ್ಥಿ ನರ್ಸ್ ಆಗಿಯೇ ಮಾತನಾಡಬೇಕು. ಅಂತಹ ಎರಡು ಪ್ರಸಂಗಗಳು, ಒಂದೊಂದು ಐದು ನಿಮಿಷ.

ಈ ಪತ್ರದ ವಿಚಾರದಲ್ಲಿ ನಮ್ಮ ಮಕ್ಕಳು ಎಡವುವ ಸ್ಥಳವೊಂದಿದೆ. ಕೇಸ್ ಶೀಟಿನಲ್ಲಿರುವ ಎಲ್ಲವನ್ನೂ ಪತ್ರಕ್ಕೆ ಇಳಿಸಿಬಿಡುತ್ತಾರೆ. ಪರೀಕ್ಷಕರು ನೋಡುವುದೇ ಬೇಡದ್ದನ್ನು ಬಿಡುವ ವಿವೇಕವನ್ನು. ಸೊಂಟದ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಹೊರಟ ಎಪ್ಪತ್ತೈದರ ವೃದ್ಧೆಯ ಬಗ್ಗೆ ಸಮುದಾಯ ಶುಶ್ರೂಷಕಿಗೆ ಬರೆಯುವಾಗ, ಅವಳಿಗೆ ಬಾಲ್ಯದಲ್ಲಿ ಗಂಟಲಗ್ರಂಥಿ ತೆಗೆದದ್ದು ಬೇಕಾಗಿಲ್ಲ. ಅವಳು ಒಬ್ಬಂಟಿಯಾಗಿರುವಳು, ಮನೆಯಲ್ಲಿ ಮೆಟ್ಟಿಲುಗಳಿವೆ ಎಂಬುದು ಬೇಕು. ಪತ್ರ ಏಕೆ ಬರೆದದ್ದು ಎಂಬುದು ಮೊದಲ ಸಾಲುಗಳಲ್ಲೇ ತಿಳಿಯಬೇಕು. ಒಬ್ಬ ವೈದ್ಯ ಇನ್ನೊಬ್ಬ ವೈದ್ಯನ ಬಳಿಗೆ ರೋಗಿಯನ್ನು ಕಳಿಸುವಾಗ ಕೊಡುವ ಚೀಟಿಯೂ ಹೀಗೆಯೇ ಇರಬೇಕಾದದ್ದು. ಆದರೆ ನನಗೆ ಬರುವ ಚೀಟಿಗಳಲ್ಲಿ ಅರ್ಧಕ್ಕರ್ಧ ಹಾಗಿರುವುದಿಲ್ಲ ಎಂಬುದು ಬೇರೆ ಮಾತು.

ಮಾತಿನ ಭಾಗಕ್ಕೆ ಅಂಕ ಕೊಡುವ ರೀತಿ ನನ್ನ ಗಮನ ಸೆಳೆಯಿತು. ಉಚ್ಚಾರಣೆ, ನಿರರ್ಗಳತೆಗಳ ಜೊತೆಗೆ ರೋಗಿಯೊಂದಿಗೆ ಸಂಬಂಧ ಬೆಳೆಸುವುದು, ಅವನ ಆತಂಕವನ್ನು ಅರಿತು ಅದಕ್ಕೆ ಓಗೊಡುವುದು, ಕ್ರಮವಾಗಿ ಕೇಳುವುದು, ತಿಳಿಯುವಂತೆ ಹೇಳುವುದು ಇವುಗಳಿಗೂ ಅಂಕಗಳಿವೆ. ವೈದ್ಯಕೀಯ ಜ್ಞಾನಕ್ಕೆ ಅಂಕವಿಲ್ಲ. ಆಯುರ್ವೇದ ಓದಿದವರಿಗೆ ಇದು ಹೊಸದೆನಿಸದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಉಪಚಾರದ ಅರಿವು, ದಕ್ಷತೆ, ಅನುರಾಗ, ಶೌಚ ಇರಬೇಕು. ರೋಗಿಗೆ ಹೇಳಿದ ಗುಣಗಳಲ್ಲಿ ಒಂದು ಜ್ಞಾಪಕತ್ವ, ಅಂದರೆ ತನ್ನ ಬಾಧೆಯನ್ನು ತಿಳಿಸಬಲ್ಲ ಶಕ್ತಿ. ರೋಗಿ ತಿಳಿಸಿದರೂ ಪರಿಚಾರಕನಿಗೆ ಅರ್ಥವಾಗದಿದ್ದರೆ ಆ ಗುಣ ಇದ್ದೂ ಇಲ್ಲದಂತೆ. ಶುಶ್ರೂಷಾ ಎಂಬ ಶಬ್ದದ ಮೂಲಾರ್ಥವೇ ಕೇಳಬೇಕೆಂಬ ಇಚ್ಛೆ. ಸೇವೆ ಎಂಬ ಅರ್ಥ ಆಮೇಲೆ ಬಂದದ್ದು.

“ನಮ್ಮ ಹುಡುಗಿ ನಾಲ್ಕು ವರ್ಷ ಇಂಗ್ಲಿಷಿನಲ್ಲೇ ಬಿ.ಎಸ್ಸಿ. ನರ್ಸಿಂಗ್ ಓದಿದಾಳೆ, ಮತ್ತೆ ಇಂಗ್ಲಿಷ್ ಪರೀಕ್ಷೆ ಏತಕ್ಕೆ?” ಎಂದು ಕೇಳುವ ಪೋಷಕರಿಗೆ ಉತ್ತರ ಇಲ್ಲಿಯೇ ಇದೆ. ಓದಿದ್ದು ಇಂಗ್ಲಿಷಿನಲ್ಲಿ ನಿಜ, ಆದರೆ ವಾರ್ಡಿನಲ್ಲಿ ಆಡಿದ್ದು ಕನ್ನಡ, ತೆಲುಗು, ತಮಿಳು. ನಮ್ಮ ಗಡಿನಾಡಿನ ಹುಡುಗಿಯರು ಮೂರರಲ್ಲೂ ರೋಗಿಯ ನೋವು ಕೇಳಬಲ್ಲರು. ಚುಚ್ಚುತ್ತದೆ, ಸೆಳೆಯುತ್ತದೆ, ಉರಿಯುತ್ತದೆ, ಜುಮ್ಮೆನ್ನುತ್ತದೆ, ಎದೆ ಹಿಡಿದ ಹಾಗಾಗುತ್ತದೆ, ಹೊಟ್ಟೆ ತೊಳಸುತ್ತದೆ: ಈ ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಒಂದೊಂದು ಮಾತಿದೆ, ಪಠ್ಯಪುಸ್ತಕ ಅದನ್ನು ಕಲಿಸಿರುವುದಿಲ್ಲ. ನಮ್ಮ ಹಿರಿಯರು ನಾಚಿಕೆಯಿಂದ “ಒಂದಕ್ಕೆ ಹೋಗಬೇಕು” ಎನ್ನುವಂತೆ ಇಂಗ್ಲೆಂಡಿನ ಅಜ್ಜಿಯೊಬ್ಬಳು “ಸ್ಪೆಂಡ್ ಎ ಪೆನ್ನಿ” ಎಂದಾಳು. ಒಂದು ಪೆನ್ನಿ ಖರ್ಚು ಮಾಡಬೇಕೆಂದು ಅರ್ಥ ಮಾಡಿಕೊಂಡು ಅವಳ ಕೈಚೀಲ ತಂದುಕೊಟ್ಟರೆ ಹಾಸಿಗೆ ಒದ್ದೆಯಾದೀತು.

ಹಾಗಾದರೆ ಯಾವುದು ಮೇಲು? ವಾರ್ಡಿನಲ್ಲಿ ಮೂರು ನಾಲ್ಕು ವರ್ಷ ನಿಂತು ದುಡಿದವರಿಗೆ ಒಇಟಿ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಅವರ ಅನುಭವವೇ ಅಲ್ಲಿ ಅವರಿಗೆ ಊರುಗೋಲು. ಈ ಭಾಗದ ಒಬ್ಬ ಶುಶ್ರೂಷಕಿ ಹೃದ್ರೋಗ ವಿಭಾಗದಲ್ಲಿ ಆರು ವರ್ಷ ಕೆಲಸ ಮಾಡಿದವರು. ಐಇಎಲ್‌ಟಿಎಸ್ ಮೂರು ಸಲ ಬರೆದರು. ಕೇಳುವುದರಲ್ಲಿ, ಮಾತಿನಲ್ಲಿ ಏಳು ದಾಟಿದರೂ ಬರವಣಿಗೆ ಮೂರು ಸಲವೂ ಆರರಲ್ಲೇ ನಿಂತಿತು. ಖಾಸಗಿ ಕಾರುಗಳನ್ನು ನಗರದೊಳಗೆ ನಿಷೇಧಿಸಬೇಕೇ ಎಂಬಂತಹ ಪ್ರಶ್ನೆಗೆ ಏನು ಬರೆಯಬೇಕೆಂದೇ ಅವರಿಗೆ ತೋಚುತ್ತಿರಲಿಲ್ಲ. ಅದು ಭಾಷೆಯ ದೋಷವಲ್ಲ, ಪ್ರಬಂಧ ಬರೆಯುವ ಅಭ್ಯಾಸ ತಪ್ಪಿದ್ದರ ಫಲ. ತಾಯಿ ಅವರನ್ನು ನನ್ನ ಬಳಿ ಕರೆತಂದದ್ದು ಅಮ್ಲಪಿತ್ತಕ್ಕೆ ಮತ್ತು ನಿದ್ರಾನಾಶಕ್ಕೆ. ರಾತ್ರಿ ಪಾಳಿ, ಹಗಲು ಕೋಚಿಂಗ್, ಮಧ್ಯೆ ಚಹಾದ ಮೇಲೆ ಚಹಾ. ಔಷಧ ಕೊಟ್ಟೆ, ಜೊತೆಗೆ ಒಇಟಿಯ ಒಂದು ಮಾದರಿ ಪತ್ರಿಕೆಯನ್ನೂ ಕೊಟ್ಟು ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಮಾಡಿನೋಡಲು ಹೇಳಿದೆ. ಪತ್ರವನ್ನು ಅವರು ಬರೆದ ರೀತಿ ನೋಡಿ ನನಗೆ ಸಂಶಯ ಉಳಿಯಲಿಲ್ಲ. ಮುಂದೆ ಎರಡು ಸಲ ಕುಳಿತು, ಎರಡರ ಅಂಕಗಳನ್ನು ಸೇರಿಸಿ ಅವರು ಗುರಿ ಮುಟ್ಟಿದರು.

ಆದರೆ ಇದೇ ಮಾತು ಎಲ್ಲರಿಗೂ ಅಲ್ಲ. ಆಗಷ್ಟೇ ಓದು ಮುಗಿಸಿದ, ಇಂಗ್ಲಿಷ್ ಪತ್ರಿಕೆಯನ್ನು ಪ್ರತಿದಿನ ಓದುವ ಅಭ್ಯಾಸವಿದ್ದ ಒಬ್ಬ ಹುಡುಗನಿಗೆ ನಾನು ಐಇಎಲ್‌ಟಿಎಸ್ ಬರೆಯಲು ಹೇಳಿದೆ. ಅವನಿಗೆ ಪ್ರಬಂಧ ಸುಲಭ, ರೋಗಿಯ ಸಂಭಾಷಣೆಯೇ ಹೊಸದು. ಶುಲ್ಕದ ವಿಚಾರವೂ ಇದೆ: ಒಇಟಿಯ ಶುಲ್ಕ ಐಇಎಲ್‌ಟಿಎಸ್‌ಗಿಂತ ಹೆಚ್ಚುಕಡಿಮೆ ಇಮ್ಮಡಿ. ಎರಡು ಸಲ ಬರೆಯಬೇಕಾಗಿ ಬಂದರೆ ಎಷ್ಟಾದೀತೆಂದು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಒಇಟಿ ಸುಲಭ ಎಂದು ಕೋಚಿಂಗ್ ಕೇಂದ್ರದವರು ಹೇಳುವುದನ್ನು ನಂಬಬೇಡಿ. ಓದುವ ಭಾಗದ ಮೊದಲ ಹದಿನೈದು ನಿಮಿಷಗಳಲ್ಲಿ ನಾಲ್ಕು ಬರಹಗಳನ್ನು ಜಾಲಾಡಿ ಇಪ್ಪತ್ತು ಉತ್ತರ ಹುಡುಕಬೇಕು. ನಿಧಾನವಾಗಿ ಓದುವವರು ಅಲ್ಲಿಯೇ ಸೋಲುತ್ತಾರೆ. ಎರಡರ ಮಾದರಿ ಪತ್ರಿಕೆಗಳೂ ಆಯಾ ಸಂಸ್ಥೆಯ ಅಂತರ್ಜಾಲ ತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಒಂದು ಭಾನುವಾರ ಒಂದನ್ನು, ಮುಂದಿನ ಭಾನುವಾರ ಇನ್ನೊಂದನ್ನು, ಫೋನನ್ನು ಬೇರೆ ಕೋಣೆಯಲ್ಲಿಟ್ಟು ಮಾಡಿನೋಡಲಿ. ಕೋಚಿಂಗಿಗೆ ಹಣ ಕಟ್ಟುವುದು ಆಮೇಲೆ.

ಎಷ್ಟು ಅಂಕ ಬೇಕು ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆ ಕೊಡುತ್ತೇನೆ. ಅಲ್ಲಿಯ ಶುಶ್ರೂಷಾ ಮಂಡಳಿಯಾದ ಎನ್‌ಎಂಸಿ 2017ರ ನವೆಂಬರಿನಿಂದ ಒಇಟಿಯನ್ನು ಒಪ್ಪುತ್ತಿದೆ. ಐಇಎಲ್‌ಟಿಎಸ್‌ನಲ್ಲಿ ಓದುವುದು, ಕೇಳುವುದು, ಮಾತನಾಡುವುದು ಇವುಗಳಿಗೆ ತಲಾ 7, ಬರವಣಿಗೆಗೆ 6.5. ಒಇಟಿಯಲ್ಲಿ ಮೊದಲ ಮೂರಕ್ಕೆ ತಲಾ 350, ಬರವಣಿಗೆಗೆ 300. ಒಂದೇ ಪರೀಕ್ಷೆಯನ್ನು ಹನ್ನೆರಡು ತಿಂಗಳೊಳಗೆ ಎರಡು ಸಲ ಬರೆದು, ಯಾವ ಸಲ ಯಾವುದರಲ್ಲಿ ಗೆದ್ದರೋ ಅದನ್ನು ಜೋಡಿಸಿಕೊಳ್ಳಲು ಅವಕಾಶವಿದೆ. ಆದರೆ ಸೋತ ಭಾಗದಲ್ಲಿಯೂ ತೀರ ಕೆಳಗೆ ಬಿದ್ದಿರಬಾರದು. ಐಇಎಲ್‌ಟಿಎಸ್ ಆದರೆ ಅರ್ಧ ಅಂಕದ ಕೊರತೆಯವರೆಗೆ ಮಾತ್ರ ಸಲ್ಲುತ್ತದೆ. ಒಂದು ಸಲ ಐಇಎಲ್‌ಟಿಎಸ್, ಇನ್ನೊಂದು ಸಲ ಒಇಟಿ ಬರೆದು ಎರಡನ್ನು ಸೇರಿಸಲು ಬರುವುದಿಲ್ಲ. ಹೀಗಾಗಿ ನಡುವೆ ಕುದುರೆ ಬದಲಾಯಿಸುವವರು ಹಳೆಯ ಅಂಕಗಳನ್ನು ಕಳೆದುಕೊಳ್ಳುತ್ತಾರೆ. ಈ ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ತಿಂಗಳಲ್ಲಿ ಮಂಡಳಿಯ ತಾಣವನ್ನೇ ನೋಡಬೇಕು. ಅಂಕಗಳ ಆಯುಷ್ಯ ಎರಡು ವರ್ಷ. ಪರೀಕ್ಷೆಯನ್ನು ಬೇಗ ಮುಗಿಸಿ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ಪ್ರಮಾಣಪತ್ರಕ್ಕೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಂಕಪಟ್ಟಿಯ ಪ್ರತಿಗಳಿಗೂ ನಿಧಾನವಾಗಿ ಅಲೆಯುವುದರಿಂದ ಆ ಎರಡು ವರ್ಷ ಕರಗಿಹೋಗುತ್ತದೆ. ಕಾಗದಪತ್ರಗಳ ಕೆಲಸ ಪರೀಕ್ಷೆಯ ಜೊತೆಜೊತೆಗೇ ನಡೆಯಲಿ.

ಉಚ್ಚಾರಣೆಯ ವಿಷಯದಲ್ಲಿ ನಮ್ಮ ಸೀಮೆಯ ಮಕ್ಕಳಿಗೆ ಒಂದೆರಡು ಸೂಚನೆ. ಹಾಲನ್ನು “ಆಲು” ಎನ್ನುವ ನಾಲಿಗೆ ಹಾರ್ಟ್ ಅನ್ನು “ಆರ್ಟ್” ಎನ್ನುತ್ತದೆ. ಅಲ್ಲಿ ಒಂದು ಹೃದಯ, ಇನ್ನೊಂದು ಚಿತ್ರಕಲೆ. ಪದದ ಕೊನೆಗೆ “ಬಸ್ಸು, ಬೆಡ್ಡು” ಎಂದು ಉಕಾರ ಸೇರಿಸುವುದು, ಎಗ್ ಅನ್ನು “ಯೆಗ್” ಎನ್ನುವುದು ಕೇಳುವವರಿಗೆ ತೊಡಕು. ಎಲ್ಲಕ್ಕಿಂತ ಅಪಾಯದ್ದು ಫಿಫ್ಟೀನ್ ಮತ್ತು ಫಿಫ್ಟಿ. ಔಷಧದ ಪ್ರಮಾಣ ಹೇಳುವಾಗ ಹದಿನೈದು ಐವತ್ತಾದರೆ ಅದು ಅಂಕ ಹೋಗುವ ಮಾತಲ್ಲ, ಜೀವ ಹೋಗುವ ಮಾತು. ಸಂಶಯವಿದ್ದಾಗ “ಒನ್ ಫೈವ್” ಎಂದು ಬಿಡಿಸಿ ಹೇಳುವುದನ್ನು ಈಗಿನಿಂದಲೇ ರೂಢಿಸಿಕೊಳ್ಳಲಿ. ಇಂಗ್ಲಿಷರಂತೆ ಮೂಗಿನಲ್ಲಿ ಮಾತನಾಡುವುದು ಬೇಕಿಲ್ಲ, ಎರಡು ಪರೀಕ್ಷೆಗಳೂ ಅದನ್ನು ಕೇಳುವುದಿಲ್ಲ. ದಿನಕ್ಕೆ ಅರ್ಧ ಗಂಟೆ ತಂಗಿಯನ್ನೋ ಅತ್ತಿಗೆಯನ್ನೋ ರೋಗಿಯಾಗಿ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ವಿಚಾರಿಸಿದರೆ ಸಾಕು.

ಪರೀಕ್ಷೆಯ ಕಾಲದ ಆರೋಗ್ಯದ ಬಗ್ಗೆಯೂ ಹೇಳದಿದ್ದರೆ ಈ ವಿಭಾಗದ ಕರ್ತವ್ಯ ಮುಗಿಯದು. ನೆನಪಿನ ಶಕ್ತಿಗೆ ಬ್ರಾಹ್ಮೀಘೃತ ಕೊಡಿ, ಶಂಖಪುಷ್ಪಿ ಕೊಡಿ ಎಂದು ಕೇಳಿಕೊಂಡು ಬರುವವರಿದ್ದಾರೆ. ತುಪ್ಪ ಕುಡಿದು ಇಂಗ್ಲಿಷ್ ಬರುವುದಿಲ್ಲ. ಆ ಹಣಕ್ಕೆ ಮಾದರಿ ಪತ್ರಿಕೆಗಳ ಪುಸ್ತಕ ಕೊಳ್ಳುವುದು ಮೇಲು. ರಾತ್ರಿ ಪಾಳಿ ಮುಗಿಸಿ ಬಂದವರು ಲಘುವಾಗಿ ಉಂಡು, ಕತ್ತಲೆ ಮಾಡಿದ ಕೋಣೆಯಲ್ಲಿ ಐದಾರು ಗಂಟೆಯಾದರೂ ಮಲಗಿ, ಎದ್ದ ಮೇಲೆ ಓದಲಿ. ಪರೀಕ್ಷೆಯ ವಾರದಲ್ಲಿ ಸಾಧ್ಯವಾದರೆ ರಾತ್ರಿ ಪಾಳಿ ಬದಲಾಯಿಸಿಕೊಳ್ಳಲಿ. ಪರೀಕ್ಷೆಯ ಬೆಳಿಗ್ಗೆ ರಾಗಿ ಗಂಜಿಯೋ ಇಡ್ಲಿಯೋ ರೂಢಿಯಲ್ಲಿರುವುದೇ ಸಾಕು, ಹೊಸದನ್ನು ತಿನ್ನುವ ದಿನ ಅದಲ್ಲ. ಲಕ್ಕೂರಿನಿಂದ ಬೆಂಗಳೂರಿನ ಕೇಂದ್ರಕ್ಕೆ ಅಂದೇ ಹೊರಡುವುದಕ್ಕಿಂತ ಹಿಂದಿನ ದಿನ ಬಂಧುಗಳ ಮನೆಯಲ್ಲಿ ತಂಗುವುದು ಒಳ್ಳೆಯದು.

ನಮ್ಮವರ ಮನೆಗಳಲ್ಲಿ ಬಿ.ಎ.ಎಂ.ಎಸ್. ಮಾಡಿದ ಮಕ್ಕಳೂ ಇದ್ದಾರೆ. ಅವರಿಗೊಂದು ಮಾತನ್ನು ನೇರವಾಗಿ ಹೇಳಬೇಕು. ಒಇಟಿಯ ಹನ್ನೆರಡು ವೃತ್ತಿಗಳಲ್ಲಿ ಪಶುವೈದ್ಯಕ್ಕೂ ಜಾಗವಿದೆ, ಆಯುರ್ವೇದಕ್ಕಿಲ್ಲ. ನಮ್ಮ ಪದವಿಯಿಂದ ಬ್ರಿಟನ್ನಿನಲ್ಲಿ ವೈದ್ಯರೆಂದು ನೋಂದಾಯಿಸಿಕೊಳ್ಳಲು ಬರುವುದಿಲ್ಲ. “ಮೆಡಿಸಿನ್ ವಿಭಾಗದಲ್ಲಿ ಒಇಟಿ ಬರೆಯಿರಿ, ಮುಂದಿನದು ನಾವು ನೋಡಿಕೊಳ್ಳುತ್ತೇವೆ” ಎಂದು ಹಣ ಕೇಳುವವರಿಂದ ದೂರವಿರಿ. ಯುಎಇಯಲ್ಲಿ ಆಯುರ್ವೇದಕ್ಕೆ ಪರವಾನಗಿಯ ವ್ಯವಸ್ಥೆಯಿದೆ, ಅದರ ದಾರಿಯೇ ಬೇರೆ.

ಏಜೆಂಟರ ವಿಷಯದಲ್ಲಿ ಹೇಳಬೇಕಾದದ್ದು ಬಹಳವಿದೆ, ಮುಖ್ಯವಾದ ಮೂರನ್ನಷ್ಟೇ ಹೇಳುತ್ತೇನೆ. ಪರೀಕ್ಷೆ ಬರೆಯದೆಯೇ ಪ್ರಮಾಣಪತ್ರ ಕೊಡಿಸುತ್ತೇವೆ ಎನ್ನುವವರದ್ದು ಪೂರ್ತಿ ಮೋಸ. ಅಂಕಗಳನ್ನು ಮಂಡಳಿಗಳು ಪರೀಕ್ಷಾ ಸಂಸ್ಥೆಯಿಂದಲೇ ನೇರವಾಗಿ ಪರಿಶೀಲಿಸುತ್ತವೆ, ಸಿಕ್ಕಿಬಿದ್ದರೆ ಮಗಳ ವೃತ್ತಿಯೇ ಮುಗಿಯಿತು. ಎರಡನೆಯದು, ವಿದೇಶಕ್ಕೆ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿತರಾಗಿರಬೇಕು, ಅವರು ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಬ್ರಿಟನ್ನಿನ ನೇಮಕಾತಿ ಸಂಹಿತೆಯಂತೆ ಅಭ್ಯರ್ಥಿಯಿಂದ ನೇಮಕಾತಿಯ ಹಣವನ್ನು ಪಡೆಯುವಂತೆಯೇ ಇಲ್ಲ. ಲಕ್ಷಗಳ ಮಾತು ಬಂದೊಡನೆ ಎದ್ದು ಬನ್ನಿ. ಮೂರನೆಯದು, “ಕೇರ್‌ಗಿವರ್ ವೀಸಾ, ಭಾಷೆಯ ಪರೀಕ್ಷೆ ಸುಲಭ” ಎಂದು ಬ್ರಿಟನ್ನಿಗೆ ಕಳಿಸುವವರ ಮಾತು. ಆರೈಕೆ ಸಹಾಯಕರನ್ನು ಹೊರದೇಶಗಳಿಂದ ಹೊಸದಾಗಿ ಕರೆಸಿಕೊಳ್ಳುವುದನ್ನು ಆ ದೇಶ 2025ರ ಜುಲೈ 22ರಿಂದ ನಿಲ್ಲಿಸಿದೆ. ನೋಂದಾಯಿತ ಶುಶ್ರೂಷಕರಿಗೆ ಬಾಗಿಲು ಮುಚ್ಚಿಲ್ಲ, ಆದರೆ ಅಲ್ಲಿಯೂ ಮೊದಲಿನಷ್ಟು ನೇಮಕಾತಿ ಈಗಿಲ್ಲ. ಸಾಲ ಮಾಡುವ ಮೊದಲು ಕೆಲಸದ ಪತ್ರ ಕೈಯಲ್ಲಿದೆಯೇ ಎಂದು ನೋಡಿ.

ಕೊನೆಗೆ ಹೆಸರಿನ ವಿಚಾರ, ಚಿಕ್ಕದೆಂದು ಬಿಡುವಂಥದ್ದಲ್ಲ. ನಮ್ಮಲ್ಲಿ ಊರಿನ ಅಕ್ಷರ, ತಂದೆಯ ಅಕ್ಷರ ಸೇರಿಸಿ ಹೆಸರು ಬರೆಯುವ ರೂಢಿ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಪದವಿಯಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಬರೆದ ಪೂರ್ಣ ಹೆಸರು. ಮದುವೆಯಾದ ಮೇಲೆ ಗಂಡನ ಹೆಸರು ಬೇರೆ. ಎರಡೂ ಪರೀಕ್ಷೆಗಳಿಗೆ ನೋಂದಣಿ ಮಾಡುವಾಗ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಅಕ್ಷರ ಬಿಡದೆ ಬರೆಯಬೇಕು, ಪರೀಕ್ಷೆಯ ದಿನ ಅದೇ ಪಾಸ್‌ಪೋರ್ಟನ್ನು ಒಯ್ಯಬೇಕು. ಅಂಕಪಟ್ಟಿಗೂ ಪಾಸ್‌ಪೋರ್ಟಿಗೂ ವ್ಯತ್ಯಾಸವಿದ್ದರೆ ಹಣ ಕಟ್ಟುವ ಮೊದಲೇ ಸರಿಪಡಿಸಿಕೊಳ್ಳಿ. ಪಾಸ್‌ಪೋರ್ಟಿನ ತಿದ್ದುಪಡಿಗೂ ಅಂಕಪಟ್ಟಿಯ ತಿದ್ದುಪಡಿಗೂ ಹಲವು ವಾರಗಳು ಬೇಕಾದೀತು.